ಚಿಗರಿ ಇದ್ದಲ್ಲಿ ತೋಳವೂ ಬೇಕು

ರಾಣೆಬೆನ್ನೂರು ಕಡೆ ಚಿಗರಿ (ಕೃಷ್ಣಮೃಗ) ಇವೆ, ಸಾಕಲ್ಲ, ಕುರಿ ಹಿಡಿಯುವ ತೋಳ ಯಾಕೆ ಬೇಕು ಅಂತ ಕೇಳಿದ್ದೀರಿ. ಕುರಿ ಕಳೆದುಕೊಂಡವರ ನೋವು ನಿಜ. ಅವರಿಗೆ ಪರಿಹಾರ ಬೇಗ ಸಿಗಲೇಬೇಕು. ಆದರೆ ತೋಳಕ್ಕೆ ಹೆಚ್ಚಾಗಿ ಸಿಗುವುದು ಮರಿ, ಮುದಿ, ರೋಗ ಬಂದ ಚಿಗರಿ. ಹಿಂಡು ಮಿತಿಯಲ್ಲಿರುತ್ತದೆ, ಹುಲ್ಲು ಉಳಿಯುತ್ತದೆ.

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1920ರ ದಶಕದ ಹೊತ್ತಿಗೆ ತೋಳಗಳನ್ನು ಕೊಂದು ಮುಗಿಸಿದರು. ಹಿಡಿಯುವ ತೋಳ ಇಲ್ಲದೆ ಎಲ್ಕ್ ಜಿಂಕೆಗಳು ಎಳೆ ಗಿಡಗಳನ್ನು ಮೇಯ್ದು ಮೇಲೇಳಲು ಬಿಡಲಿಲ್ಲ. 1995ರಲ್ಲಿ ಮತ್ತೆ ತೋಳ ತಂದು ಬಿಟ್ಟರು.

ನಮ್ಮಲ್ಲಿ ಇನ್ನೊಂದು ತೊಂದರೆಯಿದೆ. ರಾಣೆಬೆನ್ನೂರಿನ ಚಿಗರಿ ಕಾಡು 1974ರಲ್ಲಿ ಅಭಯಾರಣ್ಯವಾದರೂ ಒಳಗಿನ ದೊಡ್ಡ ಭಾಗ ನೀಲಗಿರಿ ತೋಪು. ಚಿಗರಿಗೆ ಬೇಕಾದ್ದು ಹುಲ್ಲು ಬಯಲು, ಅಲ್ವಾ? ಅದು ಸಿಗದಾಗ ಹೊಲಕ್ಕೆ ಇಳಿಯುತ್ತವೆ. ಇನ್ನು ತೋಳದಿಂದ ಕುರಿ ಉಳಿಸಲು ರಾತ್ರಿ ಅವುಗಳ ಸುತ್ತ ಗಟ್ಟಿ ಬಲೆ ಕಟ್ಟಿ, ಜೊತೆಗೆ ಒಳ್ಳೆಯ ನಾಯಿ ಇಟ್ಟುಕೊಳ್ಳಿ.