ಗುಟ್ಟಿನ ಉಪಗ್ರಹ, ಗೊತ್ತಾದ ವೇಳೆ

ಪ್ರಶ್ನೆ: ಅಮೆರಿಕವು 2008ರಲ್ಲಿ ಕೆಟ್ಟುಹೋದ ತನ್ನ ಬೇಹುಗಾರಿಕೆ ಉಪಗ್ರಹವನ್ನು ಹೊಡೆದುರುಳಿಸುವ ವೇಳೆಯನ್ನು ಹವ್ಯಾಸಿ ವೀಕ್ಷಕರು ಮೊದಲೇ ಹೇಳಿದ್ದರಂತೆ. ಅದು ಹೇಗೆ ಸಾಧ್ಯವಾಯಿತು? ನಮ್ಮೂರಿನಿಂದ ಇಂಥ ವೀಕ್ಷಣೆ ಮಾಡಬಹುದೇ?
– ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು ಜಿಲ್ಲೆ

ಉತ್ತರ: ಇದಕ್ಕೆ ಯಾರೂ ಗುಟ್ಟು ಬಿಟ್ಟುಕೊಡುವ ಅಗತ್ಯವೇ ಇರಲಿಲ್ಲ. 2006ರ ಡಿಸೆಂಬರ್ 14ರಂದು ಹಾರಿದ ಯುಎಸ್‌ಎ-193 ಉಪಗ್ರಹವು ಕಕ್ಷೆ ಸೇರಿದ ಸ್ವಲ್ಪದರಲ್ಲೇ ಸಂಪರ್ಕ ಕಳೆದುಕೊಂಡಿತು. ಅದರ ಕಕ್ಷೆಯನ್ನು ಸರಕಾರ ಪ್ರಕಟಿಸದಿದ್ದರೂ, ಮುಸ್ಸಂಜೆಯ ಬಳಿಕ ನೆಲ ಕತ್ತಲಾಗಿ ಆಕಾಶದಲ್ಲಿರುವ ಉಪಗ್ರಹಕ್ಕೆ ಇನ್ನೂ ಬಿಸಿಲು ತಾಗುತ್ತಿರುವಾಗ ಅದು ಚಲಿಸುವ ನಕ್ಷತ್ರದಂತೆ ಕಾಣುವುದನ್ನು ಯಾರೂ ತಡೆಯಲಾರರು. ಗುರುತಿರುವ ಎರಡು ನಕ್ಷತ್ರಗಳ ನಡುವೆ ಅದು ಹಾದ ಕ್ಷಣವನ್ನು ಬೈನಾಕ್ಯುಲರ್ ಮತ್ತು ಸ್ಟಾಪ್‌ವಾಚ್ ಹಿಡಿದು ಹಲವು ಊರುಗಳವರು ಬರೆದಿಟ್ಟರೆ, ಆ ದಾಖಲೆಗಳಿಂದ ಕಕ್ಷೆಯನ್ನು ಲೆಕ್ಕ ಹಾಕಬಹುದು. ಸೆಕೆಂಡಿಗೆ ಸುಮಾರು 8 ಕಿ.ಮೀ. ಓಡುವ ವಸ್ತುವಾದ್ದರಿಂದ ಒಂದು ಸೆಕೆಂಡಿನ ತಪ್ಪೂ ದೊಡ್ಡದೇ; ಸಾಲದ್ದಕ್ಕೆ, ಅಷ್ಟು ಕೆಳಗಿನ ಕಕ್ಷೆಯಲ್ಲಿ ತೆಳುಗಾಳಿಯ ಎಳೆತವಿರುವುದರಿಂದ ಹಳೆಯ ಲೆಕ್ಕ ಬೇಗನೆ ಕೆಲಸಕ್ಕೆ ಬಾರದಂತಾಗುತ್ತದೆ.

ಅದರಲ್ಲಿದ್ದ ಸುಮಾರು 450 ಕಿಲೋ ವಿಷಕಾರಿ ಹೈಡ್ರಜೀನ್ ಇಂಧನವನ್ನು ಕಾರಣವಾಗಿ ಹೇಳಿ, ಹೊಡೆಯುವ ನಿರ್ಧಾರವನ್ನು 2008ರ ಫೆಬ್ರವರಿ 14ರಂದು ಪ್ರಕಟಿಸಲಾಯಿತು. ಕ್ಷಿಪಣಿ ಹಾರಿಸುವ ಮುನ್ನ ವಿಮಾನಗಳಿಗೂ ಹಡಗುಗಳಿಗೂ ಎಚ್ಚರಿಕೆ ಕೊಡಲೇಬೇಕಲ್ಲವೇ? ಹವಾಯಿಯ ಪಶ್ಚಿಮದ ಸಾಗರಭಾಗವು ಫೆಬ್ರವರಿ 21ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8ರಿಂದ 10.30ರ ತನಕ, ನಿಷಿದ್ಧವೆಂದು ಸೂಚನೆ ಹೊರಟಿತು. ಉಪಗ್ರಹಕ್ಕೆ ಒಂದು ಸುತ್ತಿಗೆ ಸುಮಾರು 90 ನಿಮಿಷ ಬೇಕು. ಅಷ್ಟರಲ್ಲಿ ಭೂಮಿ 22 ಡಿಗ್ರಿಗಳಷ್ಟು ತಿರುಗಿರುವುದರಿಂದ ಮುಂದಿನ ಸುತ್ತು ಬೇರೆಡೆ ಹಾಯುತ್ತದೆ. ಆದ್ದರಿಂದ ತಮ್ಮ ಕಕ್ಷೆಯನ್ನು ಆ ಸೂಚನೆಯ ನಕ್ಷೆಯ ಮೇಲಿಟ್ಟವರಿಗೆ ಹೊಂದುವ ಹಾದಿ ಸಿಕ್ಕಿತು, ಹಾದಿಯೊಡನೆ ವೇಳೆಯೂ ಸಿಕ್ಕಿತು. ಲೇಕ್ ಈರಿ ಎಂಬ ನೌಕೆಯ ಕ್ಷಿಪಣಿ ಸುಮಾರು 247 ಕಿ.ಮೀ. ಎತ್ತರದಲ್ಲಿ ಅದನ್ನು ಹೊಡೆದದ್ದು 8.56ರ ಸುಮಾರಿಗೆ. ವೀಕ್ಷಕರು ಲೆಕ್ಕ ಹಾಕಿದ್ದು ಅವಕಾಶವನ್ನೇ ಹೊರತು ಆಜ್ಞೆಯನ್ನಲ್ಲ. ಕಡಲು ಕೆರಳಿದ್ದರೆ ಕೆಲಸ ಮುಂದಕ್ಕೆ ಹೋಗುತ್ತಿತ್ತು. ಭಾರತ ತನ್ನದೇ ಉಪಗ್ರಹವೊಂದನ್ನು ಕ್ಷಿಪಣಿಯಿಂದ ಹೊಡೆದ 2019ರ ಮಾರ್ಚ್ 27ರ ಮಿಷನ್ ಶಕ್ತಿ ಪರೀಕ್ಷೆಗೂ ಮೊದಲು ಬಂಗಾಳ ಕೊಲ್ಲಿಗೆ ಇಂಥ ಎಚ್ಚರಿಕೆಯಿತ್ತು, ಆದರೆ ಗುರಿ ಒಂದು ಉಪಗ್ರಹವೆಂಬುದನ್ನು ಮೊದಲೇ ಸಾರಿರಲಿಲ್ಲ.

ಬದಿಯಡ್ಕದ ಅಡಿಕೆ ತೋಟದಲ್ಲಿ ದಿಗಂತ ಕಾಣುವುದು ಕಷ್ಟ. ತೆರೆದ ಪದವು (ಗುಡ್ಡದ ಮೇಲಿನ ಬಯಲು) ಅಥವಾ ಕುಂಬಳೆಯ ಕಡಲತೀರ ಒಳ್ಳೆಯದು. ಮಳೆಗಾಲದ ಆಸೆ ಬಿಟ್ಟು ಡಿಸೆಂಬರಿನಿಂದ ಮಾರ್ಚ್‌ವರೆಗಿನ ಸಂಜೆಗಳನ್ನು ಆರಿಸಿಕೊಳ್ಳಿ. ಮೊದಲು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ನೋಡಿ ವೇಳೆ ಗುರುತಿಸಿರಿ. ಅದರ ಕಕ್ಷೆ ಪ್ರಕಟಿತವಾಗಿರುವುದರಿಂದ ನಿಮ್ಮ ಎಣಿಕೆ ಎಷ್ಟು ಸೆಕೆಂಡು ಜಾರಿತೆಂದು ಕೂಡಲೇ ತಿಳಿಯುತ್ತದೆ.