ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಯಲ್ಲ ಅಂದ್ಮೇಲೆ ಸೆನ್ಸರ್‌ಗೆ ಅದನ್ನು ಯಾಕೆ ಬಳಿಯುತ್ತಾರೆ?

ನೀವು ಕೇಳಿದ್ದು ಇಷ್ಟು: ಯೂರಿಕ್ ಆಸಿಡ್, ಶುಗರ್ ಅಳೆಯುವ ಸೆನ್ಸರ್‌ಗೆ ಪಾಲಿಮರ್ (ಸಣ್ಣ ಅಣುಗಳು ಸರಪಳಿ ಥರ ಕೂಡಿದ, ಪ್ಲಾಸ್ಟಿಕ್ ಜಾತಿಯ ವಸ್ತು) ಯಾಕೆ, ಅದಕ್ಕೆ ಬೆರೆಸುವ ನ್ಯಾನೋ ವಸ್ತು (ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳದ್ದು) ಸುಮ್ನೆ ಹೆಸರಿಗಾ ಅಂತ.

ಹೆಸರಿಗಲ್ಲ. ಜಾಹೀರಾತಿನಲ್ಲಿ ಹೇಳುವಷ್ಟು ದೊಡ್ಡದೂ ಅಲ್ಲ. ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವಾಗ ನನ್ನ ಪ್ರಾಜೆಕ್ಟ್ ಇದೇ ಆಗಿತ್ತು.

ಗ್ರಾಫೈಟ್ ಪುಡಿಗೆ ಸಿಲಿಕೋನ್ ಎಣ್ಣೆ ಹಾಕಿ ಚೆನ್ನಾಗಿ ಅರೆಯಬೇಕು. ಆ ಪೇಸ್ಟನ್ನು ಟೆಫ್ಲಾನ್ ಕೊಳವೆಯ ತುದಿಗೆ ತುಂಬಿ, ಕಾಗದದ ಮೇಲೆ ಉಜ್ಜಿ ನುಣುಪು ಮಾಡಿದರೆ ಎಲೆಕ್ಟ್ರೋಡ್, ಅಂದರೆ ದ್ರಾವಣದಲ್ಲಿ ಅದ್ದಿ ಕರೆಂಟ್ ಅಳೆಯುವ ಕಡ್ಡಿ, ಸಿದ್ಧ. ಈ ಬರೀ ಎಲೆಕ್ಟ್ರೋಡನ್ನು ಡೋಪಮೈನ್ (ಮಿದುಳಿನ ಒಂದು ರಾಸಾಯನಿಕ), ಯೂರಿಕ್ ಆಸಿಡ್, ವಿಟಮಿನ್ ಸಿ ಮೂರೂ ಇರುವ ದ್ರಾವಣಕ್ಕೆ ಇಳಿಸಿದಾಗ ಯಾವ ವೋಲ್ಟೇಜಿಗೆ ಎಷ್ಟು ಕರೆಂಟ್ ಅಂತ ತೋರಿಸುವ ಗ್ರಾಫಿನಲ್ಲಿ ಒಂದೇ ಗುಡ್ಡ ಎದ್ದಿತು. ಮೂರೂ ಹೆಚ್ಚುಕಮ್ಮಿ ಒಂದೇ ವೋಲ್ಟೇಜಿಗೆ ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ, ಅದಕ್ಕೇ. ಮೇಲೆ ತೆಳ್ಳಗೆ ಪಾಲಿಮರ್ ಪದರ ಕೂರಿಸಿದೆ. ಮೂರು ಗುಡ್ಡ ಬೇರೆ ಬೇರೆ ಕಂಡವು! ಖುಷಿಯಲ್ಲಿ, ದಪ್ಪ ಆದಷ್ಟೂ ಒಳ್ಳೇದು ಅಂದುಕೊಂಡು ಮುಂದಿನ ಸಲ ಪದರ ಜಾಸ್ತಿ ಬೆಳೆಸಿದೆ. ಕರೆಂಟೇ ಬಿದ್ದುಹೋಯಿತು. ಒಂದು ವಾರದ ಕೆಲಸ ದಂಡ.

ಎಲ್ಲ ಪಾಲಿಮರ್ ಬಕೆಟ್ಟಿನ ಪ್ಲಾಸ್ಟಿಕ್ ಥರ ಅಲ್ಲ. ಪಾಲಿಅಸಿಟಿಲೀನ್‌ಗೆ ಅಯೋಡಿನ್ ಸೇರಿಸಿದರೆ ಕರೆಂಟ್ ಚೆನ್ನಾಗಿ ಹರಿಯುತ್ತದೆ ಅಂತ 1977ರಲ್ಲೇ ವಿಜ್ಞಾನಿಗಳಾದ ಹೀಗರ್, ಮ್ಯಾಕ್‌ಡಯರ್ಮಿಡ್, ಶಿರಾಕಾವಾ ತೋರಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಈಗ ಸೆನ್ಸರ್‌ಗಳಲ್ಲಿ ಪಾಲಿಅನಿಲಿನ್, ಪಾಲಿಪಿರೋಲ್ ಹೆಚ್ಚು.

ಪಾಲಿಅನಿಲಿನ್‌ಗೆ ಒಂದು ಚಾಳಿ ಇದೆ. ಅದಕ್ಕೆ ಹುಳಿ ಬೇಕು. ಆಸಿಡ್‌ನಲ್ಲಿ ಹಸಿರಾಗಿದ್ದು ಕರೆಂಟ್ ಬಿಡುತ್ತದೆ. ರಕ್ತದ ಪಿಎಚ್ (ಹುಳಿಯ ಅಳತೆ) 7.4, ಅಂದರೆ ಹುಳಿಯಿಲ್ಲ. ಅಲ್ಲಿ ನೀಲಿಗೆ ತಿರುಗಿ ಮಂಕಾಗುತ್ತದೆ. ಇಲ್ಲಿ ಕಾರ್ಬನ್ ನ್ಯಾನೋಟ್ಯೂಬ್ (ನೀವು ಕೇಳಿದ ನ್ಯಾನೋ ವಸ್ತುಗಳಲ್ಲೊಂದು, ಇಂಗಾಲದ ಅತಿ ಸಣ್ಣ ಕೊಳವೆ) ಕೆಲಸಕ್ಕೆ ಬರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಹಳ್ಳಕ್ಕೆ ಅಡಿಕೆ ಮರದ ಸಂಕ (ಕಾಲುಸೇತುವೆ) ಹಾಕ್ತೀವಲ್ವಾ, ಹಾಗೆ. ಪಾಲಿಮರ್‌ನಲ್ಲಿ ದಾರಿ ಕಡಿದ ಕಡೆ ಎಲೆಕ್ಟ್ರಾನ್ ಟ್ಯೂಬ್ ಹಿಡಿದು ದಾಟುತ್ತದೆ. ಹಾಗಂತ ಟ್ಯೂಬ್ ಒಂದನ್ನೇ ಹಾಕಿದರೆ ಬಿಸಿನೀರಿಗೆ ಸುರಿದ ಅಕ್ಕಿಹಿಟ್ಟಿನ ಥರ ಗಂಟು ಕಟ್ಟುತ್ತದೆ. ಬಿಡಿಬಿಡಿಯಾಗಿ ಹಿಡಿದಿಡೋದಕ್ಕೆ ಪಾಲಿಮರ್ ಬೇಕು. ಶುಗರ್ ವಿಷಯಕ್ಕೆ ಬಂದರೆ, ಗ್ಲೂಕೋಸನ್ನು ಗುರುತಿಸುವುದು ಸಾಮಾನ್ಯವಾಗಿ ಇವೆರಡೂ ಅಲ್ಲ, ಗ್ಲೂಕೋಸ್ ಆಕ್ಸಿಡೇಸ್ ಥರದ ಕಿಣ್ವ. ಇವು ಅದಕ್ಕೆ ಜಾಗ ಕೊಟ್ಟು ಸಂಕೇತ ಸಾಗಿಸುತ್ತವೆ, ಅಷ್ಟೇ.

ಯಾರಾದರೂ "ಅತಿ ಕಡಿಮೆ ಪ್ರಮಾಣವನ್ನೂ ಹಿಡಿಯುತ್ತದೆ" ಅಂದರೆ ನಾನು ಮೊದಲು ಕೇಳುವುದು, ಬಫರ್ ದ್ರಾವಣದಲ್ಲೋ (ಪಿಎಚ್ ಬದಲಾಗದಂತೆ ಲ್ಯಾಬಿನಲ್ಲಿ ಮಾಡಿಕೊಂಡದ್ದು) ರಕ್ತದಲ್ಲೋ ಅಂತ. ರಕ್ತದ ಪ್ರೋಟೀನ್ ಎಲೆಕ್ಟ್ರೋಡಿಗೆ ಮೆತ್ತಿಕೊಂಡರೆ ಕರೆಂಟ್ ಇಳಿಯುತ್ತದೆ. ಎರಡನೆಯದು, ಎಷ್ಟು ದಿನ ಬಾಳುತ್ತದೆ ಅಂತ. ಹೋದ ಮಳೆಗಾಲ ತೀರ್ಥಹಳ್ಳಿಯ ಮನೆಯಲ್ಲಿ ಅಮ್ಮ ಗ್ಲೂಕೋಮೀಟರ್ ಸ್ಟ್ರಿಪ್ ಡಬ್ಬಿಯ ಮುಚ್ಚಳ ಹಾಕದೆ ಇಟ್ಟಿದ್ದರು, ಸ್ಟ್ರಿಪ್‌ಗೆ ತೇವ ತಗುಲಿತು. ಒಂದೇ ಬೆಳಿಗ್ಗೆ ಮೂರು ಸಲ ಚುಚ್ಚಿಕೊಂಡರೆ ಮೂರು ಲೆಕ್ಕ. ಹೊಸ ಡಬ್ಬಿ ಒಡೆದ ಮೇಲೆ ಸರಿಹೋಯಿತು. ಈಗ ಅದು ಹಪ್ಪಳದ ಡಬ್ಬದೊಳಗೆ ಇರುತ್ತದೆ.