ಒಂದು ವಾರದ ನಂಬರ್ ಹಿಡ್ಕೊಂಡು ತೀರ್ಪು ಕೊಡೋಕೆ ಮುಂಚೆ

ನಮಸ್ಕಾರ,

ನೀವು ಕಳ್ಸಿದ ‘ಜಪಾನ್‌ನಲ್ಲಿ ಪ್ಲೇಸ್ಟೇಷನ್ ಕಥೆ ಮುಗೀತು’ ಲೇಖನನ ಎರಡು ಸಲ ಓದ್ದೆ. ಈಗಿರೋ ಹಾಗೆ ಇದನ್ನ ಹಾಕೋಕಾಗಲ್ಲ. ಭಾಷೆ ಚೆನ್ನಾಗಿದೆ, ಓದಿಸ್ಕೊಂಡು ಹೋಗುತ್ತೆ, ಕನ್ನಡದಲ್ಲಿ ಈ ವಿಷಯ ಬರೆಯೋರೇ ಕಮ್ಮಿ, ಅಂಥದ್ರಲ್ಲಿ ನೀವು ಕೂತು ಜಪಾನಿನ ಗೇಮ್ ಪತ್ರಿಕೆ ಫಾಮಿತ್ಸು ಕೊಡೋ ವಾರವಾರದ ಮಾರಾಟದ ಪಟ್ಟಿ ನೋಡಿದೀರಲ್ಲ, ಅದು ನಂಗೆ ನಿಜವಾಗ್ಲೂ ಖುಷಿ, ಅದಕ್ಕೇ ಇಷ್ಟುದ್ದ ಬರೀತಿದೀನಿ. ಆದ್ರೆ ಆ ನಂಬರ್‌ಗಳ ಬಾಯಲ್ಲಿ ನೀವು ಹೇಳಿಸ್ತಿರೋ ಮಾತು ಅವು ಹೇಳ್ತಿರೋ ಮಾತಲ್ಲ.

ಮೊದಲು ನಿಮ್ಮ ಟೇಬಲ್ ನೋಡೋಣ. ಜಪಾನಲ್ಲಿ ಗೇಮ್ ಯಂತ್ರಗಳ ಮೊದಲ ವಾರದ ಮಾರಾಟ ಸೋನಿಯ ಪ್ಲೇಸ್ಟೇಷನ್ 4 (ಪಿಎಸ್4) 3.22 ಲಕ್ಷ, ನಿಂಟೆಂಡೊದ ಸ್ವಿಚ್ 3.3 ಲಕ್ಷ, ಪಿಎಸ್5 1.18 ಲಕ್ಷ, ಸ್ವಿಚ್ 2 ಸುಮಾರು 9.48 ಲಕ್ಷ ಅಂತ ಸಾಲಾಗಿ ಬರ್ದು ಕೆಳಗೆ ‘ಜನರ ತೀರ್ಪು ಸ್ಪಷ್ಟ’ ಅಂದಿದೀರಿ. ನಂಬರ್‌ಗಳು ಸರಿಯಾಗೇ ಇವೆ. ಆದ್ರೆ ಫಾಮಿತ್ಸು ಲೆಕ್ಕದ ವಾರ ಅಂದ್ರೆ ಸೋಮವಾರದಿಂದ ಭಾನುವಾರ, ಬಿಡುಗಡೆ ಯಾವ ದಿನ ಆದ್ರೂ ಭಾನುವಾರಕ್ಕೆ ಬಾಗಿಲು ಹಾಕ್ಬಿಡುತ್ತೆ. ಪಿಎಸ್4 ಅಲ್ಲಿ ಬಂದಿದ್ದು 2014ರ ಫೆಬ್ರವರಿ 22, ಶನಿವಾರ, ಹಾಗಾಗಿ ಆ 3.22 ಲಕ್ಷ ಎರಡೇ ದಿನದ್ದು. ಸ್ವಿಚ್ 2017ರ ಮಾರ್ಚ್ 3, ಶುಕ್ರವಾರ, ಮೂರು ದಿನ. ಪಿಎಸ್5 2020ರ ನವೆಂಬರ್ 12, ಸ್ವಿಚ್ 2 2025ರ ಜೂನ್ 5, ಎರಡೂ ಗುರುವಾರ, ನಾಲ್ಕು ದಿನ. ಎರಡು ದಿನದ್ದನ್ನೂ ನಾಲ್ಕು ದಿನದ್ದನ್ನೂ ಒಂದೇ ತಕ್ಕಡಿಗೆ ಹಾಕಿದೀರಿ, ಎಷ್ಟು ದಿನದ ಲೆಕ್ಕ ಅಂತ ಎಲ್ಲೂ ಹೇಳಿಲ್ಲ.

ಅದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಪಿಎಸ್5ರ 1.18 ಲಕ್ಷ ಅನ್ನೋದು ಎಷ್ಟು ಜನಕ್ಕೆ ಬೇಕಿತ್ತು ಅನ್ನೋದನ್ನ ತೋರಿಸಲ್ಲ, ಎಷ್ಟು ಪೆಟ್ಟಿಗೆ ಬಂದಿತ್ತು ಅನ್ನೋದನ್ನ ತೋರಿಸುತ್ತೆ. ಅಲ್ಲಿ ಅಂಗಡಿಯವರು ತಿಂಗಳುಗಟ್ಟಲೆ ಲಾಟರಿ ಎತ್ತಿ ಮಾರ್ತಿದ್ರು, ಖರೀದಿಸಿ ಜಾಸ್ತಿ ದುಡ್ಡಿಗೆ ಮಾರೋರ ಕಾಟ ತಡೆಯೋಕೆ ಕೆಲವು ಕಡೆ ಪೆಟ್ಟಿಗೆ ಮೇಲೆ ಗಿರಾಕಿ ಹೆಸರು ಬರ್ದೇ ಕೊಡ್ತಿದ್ರು. ನೀವು ಗೆದ್ದವರ ಪಟ್ಟಿಗೆ ಹಾಕಿರೋ ಸ್ವಿಚ್ 2ಕ್ಕೂ ಇದೇ ಮಾತು, ಜಪಾನ್‌ನಲ್ಲಿ ನಿಂಟೆಂಡೊದ ಸ್ವಂತ ಆನ್‌ಲೈನ್ ಅಂಗಡಿಯ ಲಾಟರಿ ಒಂದಕ್ಕೇ ಸುಮಾರು 22 ಲಕ್ಷ ಜನ ಅರ್ಜಿ ಹಾಕಿದ್ರು, ಮಾರಾಟ ಆಗಿದ್ದು ಎಲ್ಲಾ ಕಡೆ ಸೇರಿ 9.48 ಲಕ್ಷ. ಬೇಡಿಕೆ ಬಗ್ಗೆ ಬರೀಬೇಕಾದ್ರೆ ಈ 22 ಲಕ್ಷ ನಿಮ್ಮ ಲೇಖನದಲ್ಲಿ ಇರ್ಲೇಬೇಕಿತ್ತು.

ಈಗ ಮೂರನೇ ಪುಟ. ಇಲ್ಲಿ ನಂಗೆ ಬೇಜಾರಾಯ್ತು, ಯಾಕಂದ್ರೆ ಇದನ್ನ ಹಾಗೇ ಹಾಕಿದ್ರೆ ಫಾಮಿತ್ಸು ಮೇಲೆ ಸುಳ್ಳು ಆರೋಪ ಮಾಡಿದ ಹಾಗಾಗ್ತಿತ್ತು. ಸ್ಪ್ಲಾಟೂನ್ 3 ಅನ್ನೋ ಗೇಮ್ ಮೊದಲ ಮೂರು ದಿನಕ್ಕೆ 3.45 ಲಕ್ಷ ಅಂತ ನಿಂಟೆಂಡೊನೇ ಹೇಳಿದೆ, ಫಾಮಿತ್ಸು ನೋಡಿದ್ರೆ 19.3 ಲಕ್ಷ ಅನ್ನುತ್ತೆ, ಅಂದ್ರೆ ಐದಾರು ಪಟ್ಟು ಉಬ್ಬಿಸಿದಾರೆ ಅಂತ ಬರ್ದಿದೀರಿ. ಜಪಾನೀಯರು ದೊಡ್ಡ ಸಂಖ್ಯೆ ಎಣಿಸೋದು ಸಾವಿರದಲ್ಲೂ ಅಲ್ಲ ಲಕ್ಷದಲ್ಲೂ ಅಲ್ಲ, ‘ಮಾನ್’ನಲ್ಲಿ, ಒಂದು ಮಾನ್ ಅಂದ್ರೆ ಹತ್ತು ಸಾವಿರ. ನಿಂಟೆಂಡೊ ಹೇಳಿದ್ದು 345 ಮಾನ್, ನಮ್ಮ ಲೆಕ್ಕದಲ್ಲಿ 34.5 ಲಕ್ಷ. ಒಂದು ಸೊನ್ನೆ ಬಿಟ್ಟೋಗಿದ್ದಕ್ಕೆ ಇಡೀ ಪುಟದ ವಾದ ತಲೆಕೆಳಗಾಗಿದೆ. ನಾನು ಇವತ್ತಿಗೂ ಮಾನ್ ಕಂಡ್ರೆ ಪೇಪರ್ ಮೇಲೆ ಪೂರ್ತಿ ಸೊನ್ನೆ ಹಾಕಿ ಬರ್ಕೊಂಡು ಆಮೇಲೆ ಲಕ್ಷಕ್ಕೆ ತಿರುಗಿಸ್ತೀನಿ, ನೀವೂ ಹಾಗೇ ಮಾಡಿ.

ಸರಿ ಮಾಡ್ಕೊಂಡ ಮೇಲೂ 19.3 ಲಕ್ಷಕ್ಕೂ 34.5 ಲಕ್ಷಕ್ಕೂ ಅಂತರ ಇದೆಯಲ್ಲ, ನಿಮ್ಮ ಲೇಖನದ ನಿಜವಾದ ಕಥೆ ಅಲ್ಲೇ ಇದೆ. ಫಾಮಿತ್ಸು ಎಣಿಸೋದು ಪ್ಯಾಕೇಜ್, ಅಂದ್ರೆ ಡಬ್ಬೀಲಿ ಸಿಗೋ ಗೇಮ್‌ಗಳ ಮಾರಾಟನ, ಅದೂ ಒಂದಷ್ಟು ಅಂಗಡಿಗಳ ಮಾಹಿತಿ ತಗೊಂಡು ಇಡೀ ದೇಶಕ್ಕೆ ಹಾಕಿದ ಅಂದಾಜು. ನಿಂಟೆಂಡೊ ಲೆಕ್ಕದಲ್ಲಿ ಡೌನ್‌ಲೋಡ್ ಕೂಡ ಸೇರಿದೆ. ಮನೇಲಿ ಕೂತು ಬಟನ್ ಒತ್ತಿ ಗೇಮ್ ಇಳಿಸ್ಕೊಂಡವರು ವಾರದ ಪಟ್ಟಿಗೆ ಕಾಣೋದೇ ಇಲ್ಲ. ಮಾನ್ಸ್ಟರ್ ಹಂಟರ್ ವೈಲ್ಡ್ಸ್ 2025ರ ಫೆಬ್ರವರಿ 28ಕ್ಕೆ ಬಂದಾಗ ಪಿಎಸ್5 ಪ್ಯಾಕೇಜ್ ಮೊದಲ ವಾರ 6 ಲಕ್ಷ ಅಂತ ಪಟ್ಟಿ ಹೇಳಿತು, ನೀವು ಅದನ್ನ ಹಳೇ ಮಾನ್ಸ್ಟರ್ ಹಂಟರ್‌ಗಳ ಪಕ್ಕ ಇಟ್ಟು ಕುಸಿತ ಅಂದ್ರಿ, ಆದ್ರೆ ಅದೇ ದಿನ ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡವರು ಆ ಪಟ್ಟೀಲಿ ಒಬ್ಬರೂ ಇಲ್ಲ.

ಎರಡನೇ ವಾರ ಮಾರಾಟ ಕುಸಿದ್ರೆ ಗೇಮ್ ಸೋತ ಹಾಗೆ ಅಂತ ನೀವು ಬರ್ದಿರೋದರ ಬಗ್ಗೆ ಜಾಸ್ತಿ ಹೇಳಲ್ಲ. 2020ರ ಮಾರ್ಚ್‌ನಲ್ಲಿ ಬಂದ ಆನಿಮಲ್ ಕ್ರಾಸಿಂಗ್ ಮೂರು ದಿನಕ್ಕೆ 18.8 ಲಕ್ಷ ಪ್ಯಾಕೇಜ್ ಮಾರಿತು, ಮರುವಾರ ಅದರ ಕಾಲು ಭಾಗಕ್ಕೂ ಕೆಳಗೆ ಬಂತು, ಆದ್ರೂ ಆ ವರ್ಷದ ಕೊನೆಗೆ 60 ಲಕ್ಷ ದಾಟಿತ್ತು. ಮುಂಗಡ ಬುಕ್ ಮಾಡಿದವರೆಲ್ಲ ಮೊದಲ ವಾರವೇ ತಗೊಂಡಿರ್ತಾರೆ, ಹಾಗಾಗಿ ಇಳಿಯೋದು ಸಹಜ, ನೋಡ್ಬೇಕಾದ್ದು ಇಳಿದ ಮೇಲೆ ಎಲ್ಲಿ ನಿಲ್ಲುತ್ತೆ ಅಂತ. ಡಿಸೆಂಬರ್ ಕೊನೆ ವಾರ ಮಾರಾಟ ಇದ್ದಕ್ಕಿದ್ದ ಹಾಗೆ ಡಬಲ್ ಆಯ್ತು ಅಂತ ಬೆರಗಾಗಿದೀರಿ, ವರ್ಷದ ಕೊನೆಗೆ ಫಾಮಿತ್ಸು ಎರಡು ವಾರ ಸೇರಿಸಿ ಒಂದೇ ಪಟ್ಟಿ ಕೊಡುತ್ತೆ, ಮೇಲಿನ ತಾರೀಕು ಓದಿ ಎರಡರಿಂದ ಭಾಗಿಸಿ. ಹೊಸ ವರ್ಷಕ್ಕೆ ದೊಡ್ಡವರು ಮಕ್ಕಳ ಕೈಗೆ ಲಕೋಟೇಲಿ ದುಡ್ಡು ಕೊಡ್ತಾರೆ, ಒತೋಷಿದಾಮ ಅಂತಾರೆ, ಆ ದುಡ್ಡು ಜನವರಿ ಮೊದಲ ವಾರ ಗೇಮ್ ಅಂಗಡಿಗೆ ಬರುತ್ತೆ, ಇದನ್ನ ಬರೆದ್ರೆ ನಮ್ಮ ಓದುಗರಿಗೆ ಆ ನಂಬರ್ ಹಿಂದೆ ಮನುಷ್ಯರು ಕಾಣ್ತಾರೆ.

ನಂಗೆ ತುಂಬಾ ಇಷ್ಟ ಆಗಿದ್ದು ಕೊನೇ ಪುಟದ ಎರಡು ಪ್ಯಾರಾ. 2013ರಲ್ಲಿ ಯೋಕಾಯ್ ವಾಚ್ ಅನ್ನೋ ಗೇಮ್ ಮೊದಲ ವಾರ 50 ಸಾವಿರದ ಆಸುಪಾಸು ಮಾರಿ, 2014ರ ಜನವರೀಲಿ ಟಿವಿ ಅನಿಮೆ ಶುರುವಾದ ಮೇಲೆ ಏರ್ತಾ ಹೋಗಿ ಹತ್ತು ಲಕ್ಷ ದಾಟಿದ್ದು, ಮತ್ತೆ 2017ರ ಮಾರಿಯೋ ಕಾರ್ಟ್ 8 ಡೀಲಕ್ಸ್ ವರ್ಷಗಟ್ಟಲೆ ಪಟ್ಟಿ ಬಿಟ್ಟು ಇಳಿಯದೇ ಇದ್ದಿದ್ದು. ಇಲ್ಲಿ ನೀವು ತೀರ್ಪು ಕೊಡೋ ಆತುರ ಬಿಟ್ಟು ವಾರದ ಹಿಂದೆ ವಾರ ನೋಡ್ತಾ ಕೂತಿದೀರಿ, ಅಲ್ಲಿನ ಬರವಣಿಗೆಯ ಉಸಿರೇ ಬೇರೆ. ಲೇಖನ ಇಲ್ಲಿಂದಲೇ ಶುರುವಾಗ್ಬೇಕು.

ಪ್ಲೇಸ್ಟೇಷನ್ ಅಲ್ಲಿ ಹಿಂದೆ ಬಿದ್ದಿದೆ ಅನ್ನೋ ನಿಮ್ಮ ಅನುಮಾನ ಸುಳ್ಳು ಅಂತ ನಾನು ಹೇಳ್ತಿಲ್ಲ, ಪ್ಯಾಕೇಜ್ ಪಟ್ಟೀಲಿ ಮೊದಲ ಹತ್ತರಲ್ಲಿ ಸ್ವಿಚ್ ಗೇಮ್‌ಗಳೇ ತುಂಬಿರೋದು ವರ್ಷಗಳಿಂದ ನೋಡ್ತಿದೀವಿ. ಆದ್ರೆ ಅದನ್ನ ಹೇಳೋಕೆ 2020ರ ನಾಲ್ಕು ದಿನ ಸಾಕ್ಷಿ ಆಗಲ್ಲ. ಬೆಲೆ ಕಡೆ ನೋಡಿ. 2025ರ ನವೆಂಬರ್‌ನಲ್ಲಿ ಸೋನಿ ಜಪಾನೀ ಭಾಷೆಗೆ ಮಾತ್ರ ಸೀಮಿತ ಆದ ಪಿಎಸ್5ನ 55,000 ಯೆನ್‌ಗೆ ತಂತಲ್ಲ, ಅದಕ್ಕೆ ಹಿಂದಿನ ಎಂಟು ವಾರ, ಮುಂದಿನ ಎಂಟು ವಾರದ ಪಟ್ಟಿ ತಗೊಂಡು ಕೂತ್ಕೊಳ್ಳಿ, ವರ್ಷದ ಕೊನೆಯ ಜೋಡಿ ವಾರನ ಬೇರೆ ಇಟ್ಟು ಲೆಕ್ಕ ಹಾಕಿ. ಪ್ರತಿ ನಂಬರ್ ಪಕ್ಕ ಎಷ್ಟು ದಿನದ್ದು, ಪ್ಯಾಕೇಜಾ ಡೌನ್‌ಲೋಡೂ ಸೇರಿದೆಯಾ, ಯಾರು ಎಣಿಸಿದ್ದು ಅಂತ ಬರೀರಿ. ಸಾವಿರದಿನ್ನೂರು ಪದದೊಳಗೆ ಇರ್ಲಿ, ಟೇಬಲ್ ಬೇಡ. ಶೀರ್ಷಿಕೆ ಲೆಕ್ಕ ಮುಗಿದ ಮೇಲೆ ಇಡಿ. ಮುಂದಿನ ತಿಂಗಳ 10ರೊಳಗೆ ಕಳ್ಸಿದ್ರೆ ನಾನೇ ಓದ್ತೀನಿ.